ಭುಜದಿಂದ ಕೆಳಗಿನ ಕೆಲಸ

ಸೋಮವಾರ ಬೆಳಿಗ್ಗೆ ಬಾಚಣಿಗೆ ಹಿಡಿದ ಕೈ ಕಿವಿಯ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಅತ್ತಿಗೆ ಕನ್ನಡಿಯೊಳಗಿನ ತನ್ನನ್ನೇ ದುರುಗುಟ್ಟಿ ನೋಡಿದಳು. ಕೈಗೆ ಮತ್ತೊಮ್ಮೆ ಅಪ್ಪಣೆ ಕೊಟ್ಟಳು. ಕೈ ಸೊಪ್ಪು ಹಾಕಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ಭುಜದೊಳಗೆ ಒಂದು ನೋವು ತಿರುಚಿಕೊಂಡು ತೋಳಿನವರೆಗೆ ಇಳಿಯಿತು. ಕೈ ತಲೆಯ ಬಳಿಗೆ ಬಾರದಿದ್ದರೆ ತಲೆಯೇ ಕೈಯ ಬಳಿಗೆ ಹೋಗಲಿ ಎಂದು ಅವಳು ಸೊಂಟ ಬಗ್ಗಿಸಿ, ಕತ್ತು ವಾಲಿಸಿ ಬಾಚಿಕೊಳ್ಳತೊಡಗಿದಳು.

ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಅತ್ತೆ ಈ ಚಂದವನ್ನು ಸಾವಕಾಶವಾಗಿ ನೋಡಿದಳು.

"ಏನಮ್ಮ, ಬಾಚಣಿಗೆಗೆ ನಮಸ್ಕಾರ ಮಾಡ್ತಿದ್ದೀಯಾ?"

"ಕೂದಲು ಸಿಕ್ಕಾಗಿದೆ ಅತ್ತೆ."

"ಸಿಕ್ಕಾಗಿರೋದು ಕೂದಲಲ್ಲ. ನಿನ್ನೆ ಕತ್ತಲಾಗೋವರೆಗೂ ಎಸೆದೆಯಲ್ಲ, ಅದು. ಕೂತ್ಕೋ, ನಾನು ಬಾಚ್ತೀನಿ."

ಅವಳನ್ನು ಅತ್ತಿಗೆಯೆಂದು ಕರೆಯುವ ಹಕ್ಕು ನ್ಯಾಯವಾಗಿ ಒಬ್ಬನಿಗೇ ಇತ್ತು, ಗಂಡನ ತಮ್ಮನಿಗೆ. ಆದರೆ ಅತ್ತಿಗೆ ಮೈದುನರಿಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕಟ್ಟಡಗಳಿಗೆ ಬಣ್ಣ ಬಳಿಯುವವರು. ಹಗಲೆಲ್ಲ ಅವನ ಬಾಯಲ್ಲಿ ಕೇಳಿ ಕೇಳಿ, ಮೇಸ್ತ್ರಿಯನ್ನು ಬಿಟ್ಟು ಉಳಿದ ಕೆಲಸಗಾರರೆಲ್ಲರಿಗೂ ಅವಳು ಅತ್ತಿಗೆಯೇ ಆಗಿಹೋಗಿದ್ದಳು. ಅವಳಿಗಿಂತ ಹಿರಿಯನಾದ ಪುಟ್ಟಿ ಮೆತ್ತುವವನೂ ಅತ್ತಿಗೆ ಎನ್ನುತ್ತಿದ್ದ. ಭಾನುವಾರ ಬಂದರೆ ಇದೇ ಗುಂಪು ಬೇಸ್‌ಬಾಲ್ ತಂಡವಾಗುತ್ತಿತ್ತು. ಆ ಊರಿನಲ್ಲಿ ಟೈಲ್ಸ್ ಕೂರಿಸುವವರಿಗೊಂದು, ವೈರಿಂಗ್ ಮಾಡುವವರಿಗೊಂದು, ಬಡಗಿಗಳಿಗೊಂದು ತಂಡವಿತ್ತು. ವಾರವಿಡೀ ಒಂದೇ ಕಟ್ಟಡದಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ ಕೆಲಸ ಮಾಡಿದವರು ಭಾನುವಾರ ಮೈದಾನದಲ್ಲಿ ಆ ಲೆಕ್ಕವನ್ನೆಲ್ಲ ತೀರಿಸಿಕೊಳ್ಳುತ್ತಿದ್ದರು. ಬಣ್ಣದವರ ತಂಡದಲ್ಲಿ ದಿಬ್ಬದ ಮೇಲೆ ನಿಂತು ಬ್ಯಾಟಿನವನತ್ತ ಚೆಂಡೆಸೆಯುವ ಪಿಚರ್ ಅತ್ತಿಗೆ. ಬ್ಯಾಟಿನವನ ಬೆನ್ನಹಿಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವವನು ಮೈದುನ. ಎದುರಾಳಿಗಳ ಮೂವರು ಔಟಾದರೆ ಒಂದು ಇನಿಂಗ್ಸ್ ಮುಗಿಯಿತು; ಒಂದು ಪಂದ್ಯಕ್ಕೆ ಅಂಥವು ಒಂಬತ್ತು.

ಮೊದಲು ಇನ್ನೊಬ್ಬ ಪಿಚರ್ ಇದ್ದ. ಅವನು ಮೇಸ್ತ್ರಿಯೊಂದಿಗೆ ಮಾತಿಗೆ ಮಾತು ಬೆಳೆಸಿ ಬೇರೊಬ್ಬ ಮೇಸ್ತ್ರಿಯ ಬಳಿಗೆ ಹೋದ ಮೇಲೆ ಇಡೀ ತಂಡದ ಭಾರ ಅತ್ತಿಗೆಯ ಬಲಭುಜದ ಮೇಲೆ ಬಿತ್ತು. ವರ್ಷದ ಟೂರ್ನಮೆಂಟಿಗಾಗಿ ಶನಿವಾರವೂ ಇಟ್ಟಿದ್ದ ಪಂದ್ಯವನ್ನು ಮೊದಲಿಂದ ಕೊನೆಯವರೆಗೆ ಅವಳೇ ಎಸೆದಳು. ಭಾನುವಾರದ ಸೆಮಿಫೈನಲ್ ಸಮಸಮವಾಗಿ ನಿಂತು, ಇತ್ಯರ್ಥವಾಗುವವರೆಗೆ ಬೆಳೆಯುತ್ತಲೇ ಹೋಯಿತು. ಅದನ್ನೂ ಅವಳೇ ಎಸೆದಳು. ನಡುವೆ ಒಮ್ಮೆ ಭುಜ ಹಿಡಿದುಕೊಂಡು ಮೇಸ್ತ್ರಿಯತ್ತ ನೋಡಿದ್ದಳು. ತಂಡದ ನಾಯಕನೂ ಆಗಿದ್ದ ಮೇಸ್ತ್ರಿ ಎರಡೂ ಕೈ ಬಾಯಿಗಿಟ್ಟು ಕೂಗಿ ಹೇಳಿದ್ದ: "ನಮ್ಮ ಕಾಲದಲ್ಲಿ ಭುಜ ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ! ಎಸೆಯಮ್ಮ!"

ಅವಳು ಎಸೆದಳು. ತಂಡ ಫೈನಲಿಗೆ ಹೋಯಿತು. ಫೈನಲ್ ತಿಂಗಳ ಕೊನೆಯ ಭಾನುವಾರ, ಟೈಲ್ಸಿನವರ ಮೇಲೆ.

ಆ ವಾರ ಅತ್ತಿಗೆಯ ಭುಜಕ್ಕೆ ಸಿಕ್ಕ ಮರ್ಯಾದೆ ಮನೆಗೆ ಬಂದ ಹೊಸ ಅಳಿಯನಿಗೂ ಸಿಕ್ಕಿರಲಾರದು. ಯಾರೂ ಅವಳ ಕೈಗೆ ಚೆಂಡು ಕೊಡಕೂಡದೆಂದು ಮೇಸ್ತ್ರಿ ಕಟ್ಟಪ್ಪಣೆ ಮಾಡಿದ. ಊಟದ ಹೊತ್ತಿನಲ್ಲಿ ಪುಟ್ಟಿಯವನು ಅವಳತ್ತ ಒಂದು ಕಿತ್ತಳೆಹಣ್ಣು ಎಸೆಯಹೋದಾಗ ಮೈದುನ ಮಧ್ಯೆ ಹಾರಿ ಅದನ್ನು ಹಿಡಿದು, ನಡೆದುಬಂದು, ಅವಳ ಕೈಗಿತ್ತ. "ಅತ್ತಿಗೆಗೆ ಪೂರ್ತಿ ರೆಸ್ಟು," ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಅತ್ತಿಗೆಯೂ ಹಾಗೆಯೇ ನಂಬಿದ್ದಳು. ನಂಬಿಕೊಂಡೇ ಹಣ್ಣು ತಿಂದು ಮುಗಿಸಿ, ಉದ್ದ ಹಿಡಿಯ ರೋಲರನ್ನು ಎತ್ತಿಕೊಂಡು, ಸಾರುವೆ ಹತ್ತಿ, ವಾಚನಾಲಯದ ಚಾವಣಿಗೆ ಬಣ್ಣ ಹಚ್ಚಲು ಹೋದಳು.

ವಾಚನಾಲಯದ ಆ ಹಜಾರ ಬಹಳ ದೊಡ್ಡದು. ಮೇಜು ಕುರ್ಚಿಗಳನ್ನೆಲ್ಲ ನಡುವೆ ಗುಡ್ಡೆ ಹಾಕಿ ಪ್ಲಾಸ್ಟಿಕ್ ಹೊದಿಸಿದ್ದರು. ಖಾಲಿ ಕಪಾಟುಗಳಿಂದ ಹಳೆಯ ಕಾಗದದ ವಾಸನೆಯೂ ಗೋಡೆಗಳಿಂದ ಹಸಿ ಪ್ರೈಮರಿನ ವಾಸನೆಯೂ ಬಂದು ಗಾಳಿಯಲ್ಲಿ ಜಗಳವಾಡುತ್ತಿದ್ದವು. ಚಾವಣಿಯ ಕೆಲಸ ಅತ್ತಿಗೆಯದೇ. ಪಟ್ಟೆ ಕಾಣದಂತೆ, ಹನಿ ಬೀಳದಂತೆ ರೋಲರ್ ಎಳೆಯುವ ಕೈ ಆ ಗುಂಪಿನಲ್ಲಿ ಇನ್ನೊಂದಿರಲಿಲ್ಲ. ಮುಖ ಮೇಲೆತ್ತಿ, ತೋಳು ಚಾಚಿ, ಬೆಳಗಿನಿಂದ ಸಂಜೆಯವರೆಗೆ ಎಳೆದಳು. ನೋವಾದರೆ ಹಲ್ಲು ಕಚ್ಚಿದಳು. ಮನೆಗೆ ಬಂದು ಅತ್ತೆ ಕಾಯಿಸಿಕೊಟ್ಟ ನೀರಿನ ಚೀಲ ಇಟ್ಟುಕೊಂಡಳು; ಬಲ ಮಗ್ಗುಲಿಗೆ ಹೊರಳಿದಾಗಲೆಲ್ಲ ಎಚ್ಚರವಾದಳು. ಇಷ್ಟು ವಿಶ್ರಾಂತಿ ಕೊಟ್ಟರೂ ಈ ಭುಜಕ್ಕೆ ಕೃತಜ್ಞತೆಯೆಂಬುದಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು.

ಮುಂದಿನ ಭಾನುವಾರ ಮನೆಯ ಹಿಂದಿನ ಓಣಿಯಲ್ಲಿ ಮೈದುನನನ್ನು ನಿಲ್ಲಿಸಿ ಎಸೆದು ನೋಡಿದಳು. ಚೆಂಡು ಅವನವರೆಗೆ ಹೋಗುವ ಮೊದಲೇ ನೆಲಕ್ಕೆ ಬಿತ್ತು. ಎರಡನೆಯದು ಪಕ್ಕದ ಮನೆಯ ಡ್ರಮ್ಮಿಗೆ ಬಡಿಯಿತು.

ಮೈದುನ ಕೈಗವಸನ್ನು ಬಿಚ್ಚಿದ. "ಅತ್ತಿಗೆ, ನಿಮ್ಮ ಮೊಣಕೈ ಕೆಳಗೆ ಬಿದ್ದಿದೆ. ಭುಜ ಎತ್ತೋಕಾಗದೆ ಬರೀ ಕೈಯಲ್ಲಿ ತಳ್ತಿದ್ದೀರ."

"ಇನ್ನೊಂದು ಸಲ ಎಸೀತೀನಿ, ಕೂತ್ಕೋ."

"ಇಲ್ಲ. ನಾನು ಹಿಡಿಯಲ್ಲ. ಡಾಕ್ಟರ ಹತ್ತಿರ ಹೋಗೋಣ, ನಡೀರಿ."

ಆಸ್ಪತ್ರೆಯಲ್ಲಿ ಕೀಲು ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಗಂಟಲು ಕಟ್ಟಿದ್ದ, ಮುಗುಳ್ನಗೆಯಲ್ಲಿ ಕಂಜೂಸಿಯಾದ ಹೆಂಗಸು. ಅತ್ತಿಗೆಯ ತೋಳನ್ನು ಮುಂದಕ್ಕೆ, ಪಕ್ಕಕ್ಕೆ, ಬೆನ್ನ ಹಿಂದಕ್ಕೆ ತಿರುಗಿಸಿ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ನೋಡಿದಳು. ಬೆರಳು ಜುಮ್ಮೆನ್ನುತ್ತದೆಯೇ, ಕೈ ಮರಗಟ್ಟುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದಳು ಅತ್ತಿಗೆ.

"ಏನೂ ಹರಿದಿಲ್ಲ ಅನ್ಸತ್ತೆ. ದಣಿದಿದೆ, ಊದಿದೆ. ವಿಪರೀತ ಎಸೆದಾಗ ನೋವು ಬರೋದು ಸಹಜ, ಆದ್ರೆ ರೆಸ್ಟ್ ಕೊಟ್ರೆ ಇಷ್ಟು ಹೊತ್ತಿಗೆ ಇಳೀಬೇಕಿತ್ತು. ಕೊಟ್ರಾ?"

"ಕೊಟ್ಟೆ. ವಾರ ಪೂರ್ತಿ ಚೆಂಡು ಮುಟ್ಟಿಲ್ಲ."

"ಕಿತ್ತಳೆಹಣ್ಣು ಕೂಡ ಎಸೆಯೋಕೆ ಬಿಟ್ಟಿಲ್ಲ ನಾವು," ಎಂದ ಮೈದುನ ಹೆಮ್ಮೆಯಿಂದ.

"ಮತ್ತೇನು ಮಾಡಿದ್ರಿ ವಾರವೆಲ್ಲ?"

"ಏನೂ ಇಲ್ಲ. ಬರೀ ಕೆಲಸ."

"ಏನು ಕೆಲಸ?"

"ಪೇಂಟಿಂಗು. ಸೀಲಿಂಗಿಗೆ." ಹೇಗೆಂದು ತೋರಿಸಲು ಅತ್ತಿಗೆ ತೋಳನ್ನು ಮೇಲೆತ್ತಹೋದಳು, ಅರ್ಧಕ್ಕೇ ಮುಖ ಕಿವುಚಿಕೊಂಡು ಇಳಿಸಿದಳು.

ಡಾಕ್ಟರಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. ಅವಳು ಅತ್ತಿಗೆಯನ್ನು ನೋಡಿದಳು, ಮೈದುನನನ್ನು ನೋಡಿದಳು. ಆಮೇಲೆ ಅದುವರೆಗೆ ಕೂಡಿಟ್ಟಿದ್ದ ನಗುವನ್ನೆಲ್ಲ ಒಟ್ಟಿಗೇ ಖರ್ಚು ಮಾಡಿದಳು. ಅತ್ತಿಗೆ ಮೈದುನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಜನ ಬಣ್ಣದವರು ಒಂದು ವಾರ ಕಾವಲು ಕಾದ ಆ ಭುಜವನ್ನು ಅಷ್ಟೂ ದಿನ ಚಾವಣಿಗೆ ಒಪ್ಪಿಸಿಕೊಟ್ಟಿದ್ದೆವೆಂಬುದು ಅವರಿಗೆ ಹೊಳೆದದ್ದು ಆಗಲೇ. ಕೆಲಸವನ್ನು ಅವರು ಯಾರೂ ಮೈಯಿಂದ ಮಾಡುವ ಸಂಗತಿಯೆಂದು ಎಣಿಸಿದವರಲ್ಲ. ಅದು ಉಸಿರಾಟದ ಹಾಗೆ ತನ್ನಷ್ಟಕ್ಕೆ ನಡೆಯುವಂಥದ್ದು.

"ಚೆಂಡು ಎಸೆದರೂ ಒಂದೇ, ರೋಲರ್ ಎಳೆದರೂ ಒಂದೇ. ಭುಜಕ್ಕೆ ವ್ಯತ್ಯಾಸ ಗೊತ್ತಾಗಲ್ಲ," ಎಂದಳು ಡಾಕ್ಟರಮ್ಮ, ಕಣ್ಣೊರೆಸಿಕೊಂಡು. "ಭುಜದಿಂದ ಮೇಲಕ್ಕೆ ಕೈ ಎತ್ತೋ ಕೆಲಸ ಬಂದ್. ನೋವಿದ್ದಾಗ ಸ್ವಲ್ಪ ಹೊತ್ತು ಐಸು, ಬಟ್ಟೆ ಸುತ್ತಿ. ಆ ಕಡೆ ಮಲಗಬೇಡಿ. ರಬ್ಬರ್ ಪಟ್ಟಿ ಎಳೆಯೋ ವ್ಯಾಯಾಮ ಹೇಳಿಕೊಡ್ತೀನಿ. ಹತ್ತಿರದಿಂದ ಮೆಲ್ಲಗೆ ಎಸೆಯೋಕೆ ಶುರು ಮಾಡಿ. ನೋವಿಲ್ಲ ಅಂದ್ರೆ ಮಾತ್ರ ದೂರ."

"ಫೈನಲ್?"

"ಹೀಗೇ ನಡೆದ್ರೆ ಮೂರು ಇನಿಂಗ್ಸ್ ಎಸೀಬಹುದು. ಅದಕ್ಕಿಂತ ಒಂದು ಚೆಂಡೂ ಹೆಚ್ಚಿಲ್ಲ. ಹೆಚ್ಚು ಎಸೆದ್ರೆ ಮುಂದಿನ ವರ್ಷ ನನ್ನ ಹತ್ತಿರ ಬರಬೇಡಿ, ಮೇಲಿನ ಮಹಡೀಲಿ ಆಪರೇಶನ್ ಮಾಡೋರಿದ್ದಾರೆ."

ಮರುದಿನ ಅತ್ತಿಗೆ ಸಾರುವೆಯ ಬುಡದಲ್ಲಿ ನಿಂತು ಹೇಳಬೇಕಾದ್ದನ್ನು ಹೇಳಿದಳು. ಮೇಸ್ತ್ರಿ ಡಬ್ಬದೊಳಗೆ ಕೋಲು ಆಡಿಸುತ್ತಿದ್ದವನು ತಲೆಯೆತ್ತಲಿಲ್ಲ.

"ಸೀಲಿಂಗ್ ಯಾರು ಮಾಡ್ತಾರೆ?"

"ನಾನಂತೂ ಮಾಡಲ್ಲ ಮೇಸ್ತ್ರಿ. ಕಿಟಕಿ ಮಾಡ್ತೀನಿ, ಬಾಗಿಲು ಮಾಡ್ತೀನಿ, ಗೋಡೆ ಬುಡದ ಸ್ಕರ್ಟಿಂಗ್ ಮಾಡ್ತೀನಿ. ಭುಜದಿಂದ ಕೆಳಗೆ ಏನು ಬೇಕಾದ್ರೂ ಹೇಳಿ."

"ಸ್ಕರ್ಟಿಂಗು ಕೆಲಸ ಕಲಿಯೋಕೆ ಬಂದೋರ ಕೆಲಸ."

"ಹಾಗಾದ್ರೆ ಕಲಿಯೋಕೆ ಬಂದೆ ಅಂದ್ಕೊಳ್ಳಿ."

ಮೇಸ್ತ್ರಿ ಕೋಲನ್ನು ಡಬ್ಬದ ಅಂಚಿಗೆ ಟಪಟಪನೆ ಬಡಿದ. "ನೋಡಮ್ಮ, ನಾನು ಈ ಕೈಯಲ್ಲಿ ಹಗಲು ಸೀಲಿಂಗ್ ಮಾಡಿ ಸಂಜೆ ಚೆಂಡು ಎಸೆದಿದ್ದೀನಿ. ಒಂದು ದಿನ ಅಯ್ಯೋ ಅಂದಿಲ್ಲ. ಆಸ್ಪತ್ರೆಗೆ ಹೋದ್ರೆ ಅವರು ಹೇಳೋದೇ ಹಾಗೆ, ಏನೂ ಇಲ್ಲದೋರಿಗೂ ಏನೋ ಒಂದು ಹಚ್ಚಿ ಕಳಿಸ್ತಾರೆ."

"ನಿಮ್ಮ ಭುಜ ನಿಮ್ಮ ಹತ್ತಿರ ಇರಲಿ ಮೇಸ್ತ್ರಿ. ಚೆಂಡು ಬೇಕಾ, ಸೀಲಿಂಗ್ ಬೇಕಾ? ಎರಡೂ ನನ್ನ ಒಂದೇ ಕೈಯಲ್ಲಿ ಸಿಗಲ್ಲ. ಫೈನಲಲ್ಲೂ ಅಷ್ಟೆ, ಮೂರು ಇನಿಂಗ್ಸ್ ಎಸೆದು ಇಳೀತೀನಿ. ಈಗ್ಲೇ ಹೇಳಿದ್ದೀನಿ, ಆಮೇಲೆ ಹೇಳಲಿಲ್ಲ ಅನ್ನಬೇಡಿ."

ಮೇಲಿದ್ದ ಪುಟ್ಟಿಯವನು ಕೆಮ್ಮಿದ. ಮೇಸ್ತ್ರಿ ಒಂದು ಸಣ್ಣ ಬ್ರಷ್ಷನ್ನು ಅವಳ ಮುಂದೆ ನೆಲಕ್ಕೆ ಹಾಕಿ ಹೊರಟುಹೋದ. ಕೈಗೆ ಕೊಡದೆ ನೆಲಕ್ಕೆ ಹಾಕಿದ್ದನ್ನು ಅತ್ತಿಗೆ ಗಮನಿಸದೆ ಇರಲಿಲ್ಲ. ಎಡಗೈಯಿಂದ ಎತ್ತಿಕೊಂಡಳು.

ಅಂದಿನಿಂದ ಅವಳು ನೆಲದ ಮೇಲೆ ಗೋಣಿಚೀಲ ಹಾಸಿ ಕೂತು ಗೋಡೆಯ ಬುಡದಲ್ಲಿ ಅಂಗುಲ ಅಂಗುಲವಾಗಿ ಸರಿದಳು. ಚಾವಣಿಯನ್ನು ಪುಟ್ಟಿಯವನಿಗೆ ಒಪ್ಪಿಸಿದರು. ಅವನು ಹಚ್ಚಿದ ಬಣ್ಣದಲ್ಲಿ ಪಟ್ಟೆಗಳೆದ್ದವು, ಹನಿಗಳು ಅತ್ತಿಗೆಯ ತಲೆಯ ಮೇಲೇ ಬಿದ್ದವು. "ಅತ್ತಿಗೆ, ಕೆಳಗೆ ಹವಾ ಹೇಗಿದೆ?" ಎಂದು ಮೇಲಿನವರು ಕೇಳಿದರೆ, "ನಿಮ್ಮ ಬಣ್ಣದ ಮಳೆ ನಿಂತ್ರೆ ಚೆನ್ನಾಗಿರತ್ತೆ," ಎನ್ನುತ್ತಿದ್ದಳು. ಮೇಸ್ತ್ರಿ ಮಾತ್ರ ಮಾತು ಬಿಟ್ಟಿದ್ದ. ಪಕ್ಕದಲ್ಲಿ ಹಾದುಹೋಗುವಾಗ ಪಟ್ಟೆ ಬಿದ್ದ ಚಾವಣಿಯನ್ನು ನೋಡಿ, ಅವಳನ್ನು ನೋಡಿ, ಮೂಗಿನಲ್ಲಿ ಉಸಿರು ಬಿಟ್ಟು ಹೋಗುತ್ತಿದ್ದ. ಅದೇ ಪಟ್ಟೆಗಳನ್ನು ಕಂಡು ಅತ್ತಿಗೆಯ ಅಂಗೈ ತುರಿಸುತ್ತಿತ್ತು. ನೋವನ್ನು ತಡೆಯುವುದು ಅವಳಿಗೆ ಗೊತ್ತಿದ್ದ ವಿದ್ಯೆ. ಕೈಲಾಗುವ ಕೆಲಸ ಕಣ್ಣೆದುರೇ ಕೆಡುತ್ತಿರುವಾಗ ಕೈ ಕಟ್ಟಿಕೊಂಡಿರುವುದು ಹೊಸ ವಿದ್ಯೆ.

ಸಂಜೆ ಅಡುಗೆಮನೆಯ ಬಾಗಿಲಿನ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಒಳಕ್ಕೆ ಹೊರಕ್ಕೆ ಎಳೆಯುತ್ತಿದ್ದಳು. ಎರಡು ದಿನ ನೋಡಿದ ಅತ್ತೆ ಮೂರನೆಯ ದಿನ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದಳು.

"ನಿಮಗ್ಯಾಕೆ ಅತ್ತೆ?"

"ನಾನೂ ಎಷ್ಟು ವರ್ಷ ಈ ಮನೇಲಿ ಪಾತ್ರೆ ಎತ್ತಿ ಅಟ್ಟಕ್ಕೆ ಇಟ್ಟಿಲ್ಲ? ನನ್ನ ಭುಜವನ್ನ ಯಾರೂ ಆಸ್ಪತ್ರೆಗೆ ಕರಕೊಂಡು ಹೋಗಲಿಲ್ಲ. ಎಳಿ, ಮಾತಾಡಬೇಡ."

ನೋವು ಒಂದೇ ಸಲಕ್ಕೆ ಹೋಗಲಿಲ್ಲ. ಬಂದ ನೆಂಟರು ಹೊರಡುವ ಹಾಗೆ ಹೊಸ್ತಿಲಲ್ಲಿ ನಿಂತು, ಹಿಂತಿರುಗಿ, ಮತ್ತೆ ನಿಂತು ಹೋಯಿತು. ಮೊದಲು ತಲೆ ಬಾಚಿಕೊಳ್ಳಲು ಬಂದಿತು. ಆಮೇಲೆ ಮಗ್ಗುಲು ಬದಲಿಸಿದರೂ ನಿದ್ದೆ ಕೆಡದಾಯಿತು. ಓಣಿಯಲ್ಲಿ ಮೈದುನನನ್ನು ಹತ್ತಿರವೇ ನಿಲ್ಲಿಸಿ ಹೂ ಎಸೆದ ಹಾಗೆ ಎಸೆದಳು. ನೋವಿಲ್ಲವೆಂದು ಖಾತ್ರಿಯಾದ ಮೇಲೆ ಅವನನ್ನು ಡ್ರಮ್ಮಿನವರೆಗೆ ಕಳಿಸಿದಳು, ಆಮೇಲೆ ಓಣಿಯ ತಿರುವಿನವರೆಗೆ. ಒಂದು ಸಂಜೆ ಚೆಂಡು ಕೈಗವಸಿನೊಳಗೆ ಹೋಗಿ ಫಟ್ಟೆಂದು ಹಳೆಯ ಸದ್ದು ಮಾಡಿತು.

"ಅತ್ತಿಗೆ! ಇನ್ನೊಂದು, ಪೂರ್ತಿ ಜೋರಾಗಿ!"

ಅವಳಿಗೂ ಆಸೆಯಾಗಿತ್ತು. ಚೆಂಡನ್ನು ಜೇಬಿಗೆ ಹಾಕಿಕೊಂಡಳು. "ಇವತ್ತಿಗೆ ಮುಗೀತು. ನಡಿ ಒಳಗೆ."

ಫೈನಲಿನ ದಿನ ಟೈಲ್ಸಿನವರ ಕಡೆಯವರೆಲ್ಲ ಬೇಲಿಯುದ್ದಕ್ಕೂ ನಿಂತಿದ್ದರು. "ಸ್ಕರ್ಟಿಂಗ್ ಬಂತು, ಸ್ಕರ್ಟಿಂಗ್ ಬಂತು," ಎಂದು ಅವಳು ದಿಬ್ಬ ಹತ್ತುವಾಗ ಕೂಗಿದರು. ಕಟ್ಟಡದ ಸುದ್ದಿ ಕಟ್ಟಡದಲ್ಲಿ ನಿಲ್ಲುವುದಿಲ್ಲ. ಅತ್ತಿಗೆ ಕ್ಯಾರೇ ಅನ್ನಲಿಲ್ಲ. ಮೊದಲ ಇನಿಂಗ್ಸಿನಲ್ಲಿ ಬಂದ ಮೂವರನ್ನೂ ಹಾಗೆಯೇ ವಾಪಸು ಕಳಿಸಿದಳು. ಎರಡನೆಯದರಲ್ಲಿ ಒಬ್ಬನು ಹೊಡೆದು ಓಡಿದನಾದರೂ ಅರ್ಧದಾರಿಯಲ್ಲೇ ಉಳಿದ. ಮೂರನೆಯದು ಮುಗಿದಾಗ ಬಣ್ಣದವರು ಒಂದು ಓಟ ಮುಂದಿದ್ದರು. ಬೇಲಿಯ ಸದ್ದಡಗಿತ್ತು. ಭುಜದಲ್ಲಿ ನೋವಿರಲಿಲ್ಲ, ಬರಲೋ ಬೇಡವೋ ಎಂದು ಯೋಚಿಸುತ್ತಿರುವಂಥ ಒಂದು ಬೆಚ್ಚನೆಯ ಬಿಗಿತ ಮಾತ್ರ ಇತ್ತು.

ನಾಲ್ಕನೆಯ ಇನಿಂಗ್ಸಿಗೆ ಅತ್ತಿಗೆ ದಿಬ್ಬಕ್ಕೆ ಹೋದದ್ದು ಚೆಂಡನ್ನು ಒಪ್ಪಿಸಲು. ಮೇಸ್ತ್ರಿ ಬಂದ. ಅವಳು ಚೆಂಡು ಹಿಡಿದ ಕೈಯನ್ನು ಅವನತ್ತ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಅಷ್ಟು ದಿನ ಬಿಟ್ಟಿದ್ದ ಮಾತು ಅವನಿಗೆ ಈಗ ಮರಳಿ ಬಂದಿತು.

"ಚೆನ್ನಾಗಿ ಬೀಳ್ತಿದೆಯಲ್ಲಮ್ಮ. ನೋವಿದೆಯಾ?"

"ಇಲ್ಲ."

"ಮತ್ತೆ? ಇದೊಂದು ಇನಿಂಗ್ಸ್. ಇದೊಂದೇ."

"ನೋವು ಬಂದ ಮೇಲೆ ಇಳಿಯೋದಕ್ಕೆ ಡಾಕ್ಟರು ಯಾಕೆ ಬೇಕು ಮೇಸ್ತ್ರಿ? ಮೂರು ಅಂದಿದ್ದೆ. ಮುಗೀತು."

"ಎಲ್ಲರೂ ನೋಡ್ತಿದ್ದಾರೆ."

"ನೋಡಲಿ ಬಿಡಿ. ಅವರ್ಯಾರೂ ನಾಳೆ ನನ್ನ ತಲೆ ಬಾಚೋಕೆ ಬರಲ್ಲ."

ಬೇಲಿಯ ಕಡೆಯಿಂದ ಸಿಳ್ಳೆ ಕೇಳಿಸಿತು. ಯಾರೋ ಹೇಡಿ ಎಂದರು. ಆ ಮಾತು ಟೈಲ್ಸಿನವರ ಕಡೆಯಿಂದಲ್ಲ, ತಮ್ಮವರ ಬೆಂಚಿನಿಂದಲೇ ಬಂದಿತ್ತು. ಅತ್ತಿಗೆಯ ಕಿವಿ ಬಿಸಿಯಾಯಿತು. ಒಂದು ಗಳಿಗೆ ಚೆಂಡಿನ ಹೊಲಿಗೆಯ ಮೇಲೆ ಅವಳ ಬೆರಳುಗಳು ತಾವಾಗಿಯೇ ಎಸೆಯುವ ಹಿಡಿತಕ್ಕೆ ಬಂದವು. ಒಂದು ಇನಿಂಗ್ಸ್ ಎಸೆದರೆ ಆ ಬಾಯಿ ಮುಚ್ಚುತ್ತಿತ್ತು. ಎಸೆದರೆ ಮುಚ್ಚುವ ಬಾಯಿ ಮುಂದಿನ ಭಾನುವಾರ ಮತ್ತೆ ತೆರೆಯುತ್ತದೆ. ಅದಕ್ಕೆ ಎಷ್ಟು ಭುಜ ಹಾಕಿದರೂ ಸಾಲದು. ಅವಳು ಬಗ್ಗಿ ಚೆಂಡನ್ನು ದಿಬ್ಬದ ನೆತ್ತಿಯ ಮೇಲೆ, ಮೇಸ್ತ್ರಿಯ ಕಾಲ ಬಳಿ ಇಟ್ಟಳು. ತಲೆಯೆತ್ತಿಕೊಂಡು, ಅವಸರವಿಲ್ಲದೆ ನಡೆದು ಬಂದು ಬೆಂಚಿನ ನಟ್ಟನಡುವೆ ಕೂತಳು. ಹೇಡಿ ಎಂದವನು ಯಾರೇ ಆಗಿರಲಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಡಬೇಕಾಯಿತು.

ಮೇಸ್ತ್ರಿ ಚೆಂಡನ್ನು ನೋಡಿದ, ಬೆಂಚನ್ನು ನೋಡಿದ. ಎಸೆಯಬಲ್ಲವರು ಬೇರೆ ಯಾರೂ ಇರಲಿಲ್ಲ. ಚೆಂಡೆತ್ತಿಕೊಂಡು ಅಂಗಿಯ ತೋಳು ಮಡಿಸಿದ. ನಿಜ ಹೇಳಬೇಕೆಂದರೆ ಅವನು ಕೆಟ್ಟದಾಗಿ ಎಸೆಯಲಿಲ್ಲ. ಹಳೆಯ ಕೈ, ವೇಗವಿಲ್ಲದಿದ್ದರೂ ಚೆಂಡು ಹೋಗಬೇಕಾದ ಕಡೆಗೇ ಹೋಗುತ್ತಿತ್ತು, ಅತ್ತಿಗೆಯ ವೇಗಕ್ಕೆ ಹೊಂದಿಕೊಂಡಿದ್ದ ಟೈಲ್ಸಿನವರು ಆ ನಿಧಾನಕ್ಕೆ ಮೊದಲೇ ಬ್ಯಾಟ್ ಬೀಸಿ ಬೆಪ್ಪಾದರು. ಬೆವರು ಸುರಿಸುತ್ತ, ಹಲ್ಲು ಕಚ್ಚುತ್ತ, ಯಾರು ಬೇಡವೆಂದರೂ ಕೇಳದೆ ಕೊನೆಯವರೆಗೆ ಒಬ್ಬನೇ ಎಸೆದ. ಕೊನೆಯ ಇನಿಂಗ್ಸಿನಲ್ಲಿ ಅವನ ಮೊಣಕೈ ಕೆಳಗೆ ಬೀಳತೊಡಗಿದ್ದನ್ನು ಅತ್ತಿಗೆ ಬೆಂಚಿನಿಂದಲೇ ಕಂಡಳು. ಎದ್ದು ನಿಂತು, "ಮೇಸ್ತ್ರಿ, ಸಾಕು!" ಎಂದು ಕೂಗಿದಳು. ಅವನು ತಿರುಗಿಯೂ ನೋಡಲಿಲ್ಲ. ಮರುಚೆಂಡನ್ನೇ ಟೈಲ್ಸಿನವನೊಬ್ಬ ಬೇಲಿಯಾಚೆಗೆ ಹೊಡೆದ; ಮೊದಲೇ ಅರ್ಧದಾರಿಯಲ್ಲಿ ನಿಂತಿದ್ದ ಅವರವನೊಬ್ಬನೂ ಅವನೂ ಓಡಿಬಂದು ಎರಡು ಓಟ ಕೂಡಿಸಿದರು. ಬಣ್ಣದವರು ಒಂದು ಓಟದಿಂದ ಸೋತರು.

ವಾಪಸು ಬರುವ ವ್ಯಾನಿನಲ್ಲಿ ಉಳಿದವರೆಲ್ಲ ಮುಂದಿನ ಸೀಟುಗಳಿಗೆ ಒತ್ತರಿಸಿಕೊಂಡರು. ಮೈದುನ ಒಬ್ಬನೇ ಅವಳ ಪಕ್ಕ ಕೂತಿದ್ದ. ಮನೆ ಹತ್ತಿರವಾಗುತ್ತಿದ್ದ ಹಾಗೆ, "ಅಮ್ಮನಿಗೆ ಏನು ಹೇಳ್ತೀರ?" ಎಂದು ಪಿಸುಗುಟ್ಟಿದ.

"ಸೋತ್ವಿ ಅಂತ ಹೇಳ್ತೀನಿ. ಎಲ್ಲರಿಗೂ ಕೇಳೋ ಹಾಗೆ ಇದನ್ನೂ ಹೇಳ್ತೀನಿ: ಮುಂದಿನ ವರ್ಷವೂ ನಾನೇ ಎಸೆಯೋದು. ಎಸೆಯೋಕೆ ಭುಜ ಇಟ್ಕೊಂಡಿದ್ದೀನಿ."

ಸೋಮವಾರ ಅವಳು ಎಲ್ಲರಿಗಿಂತ ಮೊದಲು ವಾಚನಾಲಯಕ್ಕೆ ಹೋದಳು. ಕೆಲಸದಿಂದ ತೆಗೆದರೆ ಮುಖಕ್ಕೆ ಮುಖ ಕೊಟ್ಟೇ ತೆಗೆಯಲಿ ಎಂಬ ಹಟ. ಗೋಣಿಚೀಲ ಹಾಸಿ, ಉಳಿದಿದ್ದ ಮೂಲೆಯಲ್ಲಿ ಕೂತಳು. ಒಬ್ಬೊಬ್ಬರಾಗಿ ಬಂದವರು ಗುಡ್ಡೆ ಹಾಕಿದ ಮೇಜುಗಳ ಆಚೆಯೇ ನಿಂತರು. ಮೇಸ್ತ್ರಿ ತಡವಾಗಿ ಬಂದ. ಬಂದವನು ಬಲಗೈಯನ್ನು ಹೊಟ್ಟೆಗೆ ಅಂಟಿಸಿಕೊಂಡಿದ್ದ; ಅಂಗಿಯ ಮೇಲಿನ ಗುಂಡಿ ಹಾಕಿರಲಿಲ್ಲ; ತಲೆ ಬಾಚಿರಲಿಲ್ಲ.

ಯಾರತ್ತಲೂ ನೋಡದೆ ನೇರವಾಗಿ ಹೋಗಿ ಉದ್ದ ಹಿಡಿಯ ರೋಲರ್ ಹಿಡಿದ. "ಈ ಪಟ್ಟೆಗಳನ್ನ ಇವತ್ತು ನಾನೇ ಮುಚ್ತೀನಿ," ಎಂದ. ರೋಲರ್ ಅವನ ಎದೆಯ ಮಟ್ಟಕ್ಕೆ ಏರಿತು. ಅಲ್ಲೇ ನಿಂತಿತು. ಅವನ ಮುಖದ ಬಣ್ಣ ಇಳಿಯಿತು. ರೋಲರನ್ನು ಗೋಡೆಗೆ ಒರಗಿಸಿ, ಅದನ್ನು ಒರಗಿಸಲೆಂದೇ ಎತ್ತಿದವನಂತೆ ನಿಂತ.

ಹಜಾರದಲ್ಲಿ ನಗು ಬಾಯವರೆಗೆ ಬಂದು ಕಾಯುತ್ತಿತ್ತು. ಅತ್ತಿಗೆ ನಗಲಿಲ್ಲವಾದ್ದರಿಂದ ಬೇರೆ ಯಾರೂ ನಗಲಿಲ್ಲ.

"ನಿನ್ನೆ ರಾತ್ರಿ ನಿದ್ದೆ ಬಂತಾ ಮೇಸ್ತ್ರಿ?"

"ಯಾಕೆ ಬರಲ್ಲ?"

"ಬಲ ಮಗ್ಗುಲಿಗೆ?"

ಮೇಸ್ತ್ರಿಯ ಎಡಗೈ ತಾನಾಗಿಯೇ ಬಲಭುಜಕ್ಕೆ ಹೋಯಿತು. ಅತ್ತಿಗೆ ಗೋಣಿಚೀಲದ ಮೇಲೆ ಪಕ್ಕಕ್ಕೆ ಸರಿದು ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಒಂದು ಸಣ್ಣ ಬ್ರಷ್ಷನ್ನು ಬಟ್ಟೆಯಲ್ಲೊರೆಸಿ, ಹಿಡಿಯ ಕಡೆಯನ್ನು ಅವನತ್ತ ಮಾಡಿ ಚಾಚಿದಳು.

"ಕೈಗೇ ಕೊಡ್ತಿದ್ದೀನಿ," ಎಂದಳು. "ಎಡಗೈಯಲ್ಲಿ ಹಿಡೀರಿ. ಕಲಿಯೋಕೆ ಸ್ವಲ್ಪ ಹೊತ್ತು ಹಿಡಿಯತ್ತೆ."

ಮೇಸ್ತ್ರಿ ಎಡಗೈಯಿಂದ ಬ್ರಷ್ಷನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಮೆಲ್ಲಗೆ, ಒಂದು ಕೈಯನ್ನು ನೆಲಕ್ಕೂರಿ ಕೂತ. ಬಣ್ಣದ ಡಬ್ಬವನ್ನು ಅತ್ತಿಗೆ ಇಬ್ಬರ ನಡುವೆ ಎಳೆದಿಟ್ಟಳು.

ಸ್ವಲ್ಪ ಹೊತ್ತಿಗೆ ಗ್ರಂಥಪಾಲಕರು ಬಾಗಿಲಲ್ಲಿ ಇಣುಕಿದರು. ಕತ್ತೆತ್ತಿ ಪಟ್ಟೆಗಳನ್ನು ನೋಡಿ, "ಈ ಸೀಲಿಂಗ್ ಯಾವಾಗ ಸರಿಯಾಗತ್ತೆ?" ಎಂದು ಕೇಳಿದರು.

"ಭುಜ ವಾಸಿಯಾದ ಮೇಲೆ," ಎಂದ ಮೇಸ್ತ್ರಿ, ಗೋಡೆಯಿಂದ ಕಣ್ಣು ತೆಗೆಯದೆ.

"ಯಾರ ಭುಜ?"

ಮೇಸ್ತ್ರಿ ಎಡಗೈಯಿಂದ ಒಂದು ಡೊಂಕು ಗೆರೆ ಎಳೆದ. ಅತ್ತಿಗೆ ಅದನ್ನು ಒರೆಸಿ, ತನ್ನ ಬ್ರಷ್ಷಿನಿಂದ ನೆಟ್ಟಗೆ ಮಾಡಿದಳು.

"ಮೊದಲು ನನ್ನದು ಸಾರ್," ಎಂದಳು. "ಇವರದು ನಿನ್ನೆ ತಾನೆ ಶುರುವಾಗಿದೆ."